ಮಾತಿಲ್ಲದವನಿಗೂ ಸಮಪಾಲು: ಜಾತ್ರೆಯಲ್ಲಿ ಸಿನಿಮಾದ ಉದ್ದ ಡೈಲಾಗ್ ನಿಲ್ಲಿಸಿದ ನನ್ನ ಅನುಭವ

ಜಾತ್ರೆಯ ರಸಮಂಜರಿಯಲ್ಲಿ ನಾಲ್ಕು ನಿಮಿಷದ ಸಿನಿಮಾ ಡೈಲಾಗ್ ನಿಲ್ಲುವುದಿಲ್ಲ ಎಂದು ನಮ್ಮ ಬಾಗಲಕೋಟೆ ಕಡೆಯ ಮಿಮಿಕ್ರಿಯವರೆಲ್ಲ ಹೇಳುತ್ತಿದ್ದರು. ಗಾಯಕಿ ನೀರು ಕುಡಿಯುವಷ್ಟು ಹೊತ್ತು ನಮ್ಮದು. ಅದರಲ್ಲಿ ಅರ್ಧ ನಿಮಿಷ ರಾಜ್‌ಕುಮಾರ್, ಅರ್ಧ ನಿಮಿಷ ವಜ್ರಮುನಿ, ಕೊನೆಗೆ ಶಂಕರ್‌ನಾಗ್ ನಡಿಗೆ, ನಮಸ್ಕಾರ. ಅದಕ್ಕಿಂತ ಒಂದು ವಾಕ್ಯ ಹೆಚ್ಚಾದರೂ ಹಿಂದಿನ ಸಾಲಿನಿಂದ ‘ಹಾಡು ಹಚ್ಚಿ’ ಎಂಬ ಕೂಗು ಬರುತ್ತದೆ. ಈ ಕೆಲಸದಲ್ಲಿರುವವರಿಗೆ ಆ ಕೂಗು ಗೊತ್ತೇ ಇದೆ.

ಈಗ ನನ್ನ ಡೈಲಾಗ್ ಐದು ನಿಮಿಷ ನಡೆಯುತ್ತದೆ. ಸಂಗೀತವಿಲ್ಲ, ವೇಷವಿಲ್ಲ, ಯಾವ ನಟನ ಧ್ವನಿಯೂ ಅಲ್ಲ, ನನ್ನದೇ ಧ್ವನಿ. ಮುಧೋಳದ ಕಡೆ ಒಂದು ಹಳ್ಳಿಯಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೂ ನಡೆಯಿತು. ‘ಸಾಧ್ಯವಿಲ್ಲ’ ಎಂದವರಲ್ಲಿ ಇಬ್ಬರು ಅಂದು ಅಲ್ಲಿಯೇ ಇದ್ದರು, ಆದ್ದರಿಂದ ಸಾಕ್ಷಿಗೆ ಕೊರತೆಯಿಲ್ಲ. ನಾನು ಮಾಡುವುದು ಇಷ್ಟೇ: ವೇದಿಕೆಯ ಮೇಲೆ ಒಬ್ಬ ಕೇಳುವವನನ್ನು ಕೂರಿಸುತ್ತೇನೆ. ಅವನಿಗೆ ಒಂದು ಮಾತೂ ಇರುವುದಿಲ್ಲ.

ಇಲ್ಲಿಗೆ ಬರುವ ಮೊದಲು ಕಳೆದ ಹಣದ ಲೆಕ್ಕ ಹೇಳಬೇಕು. ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಹಿನ್ನೆಲೆ ಸಂಗೀತದ ಟ್ರ್ಯಾಕ್ ಮಾಡಿಸಿದೆ. ಏಳೋ ಎಂಟೋ ಸಾವಿರ ಹೋಯಿತು. ಕೋಣೆಯಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಮೈದಾನದಲ್ಲಿ ಸಿಳ್ಳೆ ಬಿದ್ದಾಗ ನಾನು ನಿಲ್ಲಬೇಕು, ಟ್ರ್ಯಾಕ್ ನಿಲ್ಲುವುದಿಲ್ಲ. ಆಮೇಲೆ ಮಾತು ಮುಗಿಯುವವರೆಗೂ ಅದರ ಹಿಂದೆ ಓಡುವುದೇ ಕೆಲಸ. ನಂತರ ಕಾಲರ್ ಮೈಕ್, ಸುಮಾರು ಆರು ಸಾವಿರ. ಬನದ ಹುಣ್ಣಿಮೆಯ ಹೊತ್ತಿನ ಗಾಳಿಗೆ ಅದರಲ್ಲಿ ನನ್ನ ಮಾತಿಗಿಂತ ಅಂಗಿಯ ಸದ್ದೇ ಹೆಚ್ಚು ಕೇಳಿಸಿತು. ಪೌರಾಣಿಕ ವೇಷಕ್ಕೆ ಬಾಡಿಗೆ ಒಂದು ರಾತ್ರಿಗೆ ಒಂದೂವರೆ ಸಾವಿರ, ಕಿರೀಟಕ್ಕೆ ಬೇರೆ. ಜನ ಮೊಬೈಲ್ ಎತ್ತಿ ಚಿತ್ರ ತೆಗೆದರೇ ಹೊರತು ಕೇಳಲಿಲ್ಲ. ಹಾಡಿಗೆಂದು ಹಾಕಿದ ಎಕೋ ತೆಗೆಸಲು ಧ್ವನಿವರ್ಧಕದ ಹುಡುಗನಿಗೆ ಕೊಟ್ಟ ಚಹಾದ ದುಡ್ಡನ್ನು ಲೆಕ್ಕದಲ್ಲಿ ಹಿಡಿದಿಲ್ಲ. ಒಟ್ಟು ಇಪ್ಪತ್ತು ಸಾವಿರದ ಮೇಲೆಯೇ ಹೋಗಿರಬೇಕು. ಆಗ ನನಗೆ ಒಂದು ಕಾರ್ಯಕ್ರಮಕ್ಕೆ ಸಿಗುತ್ತಿದ್ದುದು ಎರಡೂವರೆ ಸಾವಿರ, ಆಹೇರಿ (ಮೆಚ್ಚಿದ ಜನ ಕೊಡುವ ದುಡ್ಡು) ಬಿದ್ದರೆ ಇನ್ನಷ್ಟು.

ದಾರಿ ಸಿಕ್ಕಿದ್ದು ಸಿನಿಮಾಗಳನ್ನು ಧ್ವನಿ ಮುಚ್ಚಿ ನೋಡಿದಾಗ. ಬಿ. ಆರ್. ಪಂತುಲು 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದರು, 1961ರಲ್ಲಿ ಕನ್ನಡದಲ್ಲಿ ಬಿ. ಸರೋಜಾದೇವಿಯವರ ‘ಕಿತ್ತೂರು ಚೆನ್ನಮ್ಮ’. ಎರಡರಲ್ಲೂ ಕಪ್ಪ ಕೊಡೆನೆಂಬ ಮಾತೇ ಕಳಶ. ಕಟ್ಟಬೊಮ್ಮನಾಗಿ ಶಿವಾಜಿ ಗಣೇಶನ್ ಬ್ರಿಟಿಷ್ ಅಧಿಕಾರಿ ಜಾಕ್ಸನ್ ಎದುರು ಆಡುವ ಮಾತನ್ನು ಸದ್ದಿಲ್ಲದೆ ನೋಡಿ. ಗರ್ಜನೆ ಕೇಳಿಸದಿದ್ದರೂ ಏಟು ಬಿದ್ದದ್ದು ತಿಳಿಯುತ್ತದೆ, ಏಕೆಂದರೆ ಬಿದ್ದವನ ಮುಖ ನಮ್ಮ ಎದುರಿಗಿದೆ. ನಾವು ಜಾತ್ರೆಯಲ್ಲಿ ಮೈಕಿನ ಮುಂದೆ ಒಬ್ಬರೇ ನಿಂತು ಗಾಳಿಗೆ ಕೂಗುತ್ತಿದ್ದೆವು.

ನಮ್ಮೂರಲ್ಲಿ ಹಳೆಯ ಕಂಪನಿ ನಾಟಕದ ಹಾಸ್ಯ ಪಾತ್ರಧಾರಿಯೊಬ್ಬರಿದ್ದಾರೆ. ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಡೇರೆಯಲ್ಲಿ ಕಳೆದವರು. ಅವರ ಬಳಿ ಹೋಗಿ, ‘ಕಾಕಾ, ವೇದಿಕೆಯ ಮೇಲೆ ಸುಮ್ಮನೆ ಕುಳಿತು ಕೇಳಬೇಕು, ಬರುತ್ತೀರಾ?’ ಎಂದೆ.

‘ಸುಮ್ಮನೆ ಕೂರುವುದಕ್ಕೆ ಎಷ್ಟು ಕೊಡುತ್ತೀ ತಮ್ಮಾ?’

‘ಐನೂರು.’

‘ಗೀಗೀ ಮೇಳದಲ್ಲಿ ಹಿಮ್ಮೇಳದವನಿಗೆ ಐನೂರು, ಮುಮ್ಮೇಳದವನಿಗೆ ಎರಡು ಸಾವಿರ ಕೊಟ್ಟರೆ ಮರುದಿನ ಮೇಳ ಇರುತ್ತದೆಯೇ?’ ಎಂದು ಕೇಳಿದರು. ಸಮಪಾಲಿಗೆ ಒಪ್ಪಿದೆ. ಜೊತೆಯ ಕಲಾವಿದರು ನಕ್ಕರು. ಕಮಿಟಿಯವರಂತೂ ಬಾಯಿ ಬಿಡದವನಿಗೆ ದುಡ್ಡು ಕೊಡುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಮೊದಲ ಕೆಲವು ತಿಂಗಳು ಕಾಕಾ ಅವರ ಪಾಲು ನನ್ನ ಜೇಬಿನಿಂದಲೇ ಹೋಯಿತು.

ಮೊದಲ ಪ್ರಯೋಗ ಚೆನ್ನಮ್ಮನದು, ಬೈಲಹೊಂಗಲದ ಕಡೆ. ಅದು ಚೆನ್ನಮ್ಮನದೇ ಸೀಮೆ, ಕಷ್ಟದ ನೆಲ. ಪ್ರತಿ ಶಾಲೆಯ ಗ್ಯಾದರಿಂಗಿನಲ್ಲಿ ಒಬ್ಬ ಹುಡುಗಿ ಖಡ್ಗ ಹಿಡಿದು ಅದೇ ಮಾತು ಹೇಳಿರುತ್ತಾಳೆ, ನಮಗಿಂತ ಮೊದಲು ಜನರೇ ಮುಂದಿನ ಸಾಲು ಹೇಳುತ್ತಾರೆ. ಇತಿಹಾಸದಲ್ಲಿಯೂ ಯಾಮಾರಿಸುವಂತಿಲ್ಲ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಅಮಟೂರು ಬಾಳಪ್ಪನ ಗುಂಡು, ದತ್ತುಮಗನ ತಕರಾರು, ಎಲ್ಲವೂ ಅಲ್ಲಿ ಮನೆಯ ವಿಷಯ. ಹೆಣ್ಣಿನ ಮಾತನ್ನು ಗಂಡಸು ಹೇಳುವುದು ಬೇಡ ಎಂದು ನಾನು ಅದನ್ನು ದೂತನ ಬಾಯಿಗೆ ಬದಲಿಸಿದೆ: ರಾಣಿ ಹೀಗೆಂದರು ಎಂದು ಥ್ಯಾಕರೆಯ ಎದುರು ಒಪ್ಪಿಸುವ ದೂತ. ಕಾಕಾ ಥ್ಯಾಕರೆ. ಟೊಪ್ಪಿಗೆ ಒಂದೇ, ಬೇರೆ ವೇಷವಿಲ್ಲ. ಶುರುವಿಗೆ ಅವರು ಉಗುರು ನೋಡಿಕೊಳ್ಳುತ್ತ ಕುಳಿತರು. ಎರಡನೇ ನಿಮಿಷದ ಹೊತ್ತಿಗೆ ಜನ ನನ್ನನ್ನು ಬಿಟ್ಟು ಅವರ ಉಗುರನ್ನೇ ನೋಡುತ್ತಿದ್ದರು. ಅವರು ಯಾವಾಗ ತಲೆ ಎತ್ತುತ್ತಾರೆ ಎಂಬುದೇ ಎಲ್ಲರ ಚಿಂತೆ. ಅವರು ತಲೆ ಎತ್ತುವುದು ಯಾವ ಪದಕ್ಕೆ ಎಂಬುದನ್ನು ನಾವು ಇಬ್ಬರೇ ಇಟ್ಟುಕೊಂಡಿದ್ದೇವೆ, ಇಲ್ಲಿ ಬರೆಯುವುದಿಲ್ಲ.

ನನಗೆ ಅದಕ್ಕಿಂತ ಹೆಚ್ಚು ಕಲಿಸಿದ್ದು 1975ರ ‘ಜಾಸ್’. ಶಾರ್ಕ್ ಸಿನಿಮಾ ಎಂದು ಎಲ್ಲರೂ ನೋಡಿದ್ದಾರೆ, ಆದರೆ ದೋಣಿಯಲ್ಲಿ ಕುಳಿತು ರಾಬರ್ಟ್ ಶಾ ಹೇಳುವ ಹಡಗಿನ ಕಥೆಯನ್ನು ನಮ್ಮ ವೃತ್ತಿಯವರು ಬಾಯಿಪಾಠ ಮಾಡಬೇಕು. ಅಣುಬಾಂಬಿನ ಭಾಗಗಳನ್ನು ತಲುಪಿಸಿ ಮುಂದೆ ಸಾಗುತ್ತಿದ್ದ ‘ಇಂಡಿಯಾನಾಪೊಲಿಸ್’ ಮುಳುಗಿದ ಕಥೆ. (ಪಾತ್ರ ಹೇಳುವ ದಿನಾಂಕ ತಪ್ಪು, ಹಡಗು ಮುಳುಗಿದ್ದು 1945ರ ಜುಲೈ 30ರಂದು, ಆತ ಜೂನ್ 29 ಎನ್ನುತ್ತಾನೆ. ಡೈಲಾಗ್ ಚೆನ್ನಾಗಿದ್ದರೆ ತಾರೀಖು ಯಾರೂ ಕೇಳುವುದಿಲ್ಲ. ಬೈಲಹೊಂಗಲದಲ್ಲಿ ಮಾತ್ರ ಕೇಳುತ್ತಾರೆ.) ಅಲ್ಲಿ ಕೇಳುವವರು ಇಬ್ಬರು. ಒಬ್ಬನಿಗೆ ಆ ಹಡಗಿನ ಸುದ್ದಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಹಡಗಿನ ಹೆಸರು ಬಿದ್ದ ಕೂಡಲೇ ಗೊತ್ತಿರುವವನ ನಗು ಸತ್ತುಹೋಗುತ್ತದೆ. ಕಥೆ ಇನ್ನೂ ಶುರುವಾಗಿರುವುದಿಲ್ಲ, ನಮಗೆ ಆಗಲೇ ಹೆದರಿಕೆ. ನನ್ನ ಪಟ್ಟುಗಳಲ್ಲಿ ಅರ್ಧ ಈ ಒಂದು ದೃಶ್ಯದಿಂದ ಬಂದವು.

ಅದನ್ನೇ ಕನ್ನಡಕ್ಕೆ ತಂದು ಆಲಮಟ್ಟಿ ಹಿನ್ನೀರಿನ ಒಂದು ಪುನರ್ವಸತಿ ಊರಿನಲ್ಲಿ ಹೇಳಿದೆ. ಶಾರ್ಕ್ ಎಂದರೆ ಯಾರಿಗೆ ಗೊತ್ತು, ಮೊಸಳೆ ಮಾಡು ಎಂದು ಕಮಿಟಿಯ ಹಿರಿಯರು ಹೇಳಿದ್ದರು. ಮೊಸಳೆ ಎಂದದ್ದೇ ತಡ, ಕೃಷ್ಣೆಯ ದಂಡೆಯ ಜನ ಎದ್ದು ನಿಂತು ಮೊಸಳೆ ಹಾಗೆ ಹಿಡಿಯುವುದಿಲ್ಲ, ಹೀಗೆ ಹಿಡಿಯುತ್ತದೆ ಎಂದು ನನಗೇ ಪಾಠ ಮಾಡಿದರು. ನಗೆಯಲ್ಲಿ ಮುಗಿಯಿತು. ಮುಂದಿನ ಬಾರಿ ಶಾರ್ಕನ್ನೇ ಇಟ್ಟೆ. ಸಮುದ್ರ ಕಾಣದ ಜನ ಉಸಿರು ಹಿಡಿದು ಕೇಳಿದರು. ಊರು ನೀರಿಗೆ ಹೋದದ್ದನ್ನು ಕಂಡವರಿಗೆ ನೀರಿನ ಹೆದರಿಕೆಯನ್ನು ನಾನು ವಿವರಿಸಬೇಕಾಗಿರಲಿಲ್ಲ.

ಚಾಪ್ಲಿನ್ ಅವರ ‘ದಿ ಗ್ರೇಟ್ ಡಿಕ್ಟೇಟರ್’ನ ಕೊನೆಯ ಭಾಷಣದಲ್ಲಿ ಮಾತ್ರ ನನ್ನ ಸೂತ್ರ ಕೈಕೊಟ್ಟಿತು. 1940ರ ಚಿತ್ರ, ಸರ್ವಾಧಿಕಾರಿ ಎಂದು ತಪ್ಪಾಗಿ ತಿಳಿದು ವೇದಿಕೆ ಹತ್ತಿಸಿದ ಕ್ಷೌರಿಕ ಆಡುವ ಮಾತು. ಕಾಕಾ ಅವರಿಗೆ ಸೈನಿಕನ ಟೊಪ್ಪಿಗೆ ಹಾಕಿ ನಿಲ್ಲಿಸಿದರೆ ಮಾತು ಕುಗ್ಗಿಹೋಯಿತು. ಮತ್ತೆ ಸಿನಿಮಾ ನೋಡಿದಾಗ ತಿಳಿಯಿತು. ಅಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಚಾಪ್ಲಿನ್ ಮುಖವನ್ನು ಬಿಟ್ಟು ಕದಲುವುದಿಲ್ಲ, ಆತ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಕೇಳುವವರು ನಾವೇ. ಹಾಗಾಗಿ ಕಾಕಾ ಅವರನ್ನು ವೇದಿಕೆಯಿಂದ ಇಳಿಸಿ ನಾಲ್ಕನೇ ಸಾಲಿನಲ್ಲಿ ಜನರ ನಡುವೆ ಕೂರಿಸಿದೆ. ಅಲ್ಲಿ ಅವರು ಏನು ಮಾಡುತ್ತಾರೆ ಎಂಬುದೂ ನಮ್ಮ ಗಂಟಿನ ಮಾಲು.

‘ದೀವಾರ್’ನಲ್ಲಿ ಅಮಿತಾಭ್ ಶಿವನ ಎದುರು ನಿಂತು ಜಗಳವಾಡುವ ಮಾತನ್ನು ಒಂದು ಈಶ್ವರ ಗುಡಿಯ ಜಾತ್ರೆಯಲ್ಲಿ ಮಾಡಿದೆ. ಹಿರಿಯರು ಬೈಯಬಹುದೆಂದು ಅಂಜಿದ್ದೆ. ನಿಂದಾಸ್ತುತಿ ನಮಗೆ ಹೊಸದೇ ಎಂದು ಅವರೇ ಧೈರ್ಯ ಕೊಟ್ಟರು. ವೇದಿಕೆ ಗುಡಿಗೆ ಮುಖ ಮಾಡಿತ್ತು, ಕೇಳುವವನು ಒಳಗೆ ಇದ್ದನು, ಕಾಕಾ ಅವರಿಗೆ ಅಂದು ರಜೆ. ಆದರೂ ಪಾಲು ಕೊಟ್ಟೆ, ತಾಲೀಮಿಗೆ ಬಂದಿದ್ದರಲ್ಲ.

ಉಳಿದದ್ದು ಚಿಕ್ಕ ವಿಷಯ. ಮಾತನ್ನು ವಾಕ್ಯದಂತೆ ಬರೆದುಕೊಳ್ಳುವುದಿಲ್ಲ, ಉಸಿರಿಗೆ ಒಂದು ಸಾಲು. ಕೊನೆಯ ಸಾಲಿನಿಂದ ಹಿಂದಕ್ಕೆ ಬಾಯಿಪಾಠ ಮಾಡಿದರೆ, ದಣಿದ ಹೊತ್ತಿನಲ್ಲಿಯೂ ಮುಕ್ತಾಯ ಗಟ್ಟಿಯಾಗಿರುತ್ತದೆ. ಸ್ಟ್ಯಾಂಡ್ ಮೈಕೇ ಸಾಕು. ಮೊದಲ ಸಾಲು ಪಿಸುಮಾತಿಗಿಂತ ತುಸು ಮೇಲೆ. ಜನ ಕೇಳಿಸುತ್ತಿಲ್ಲ ಎಂದು ತಾವೇ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಾರೆ. ಕೂಗಿ ಶುರು ಮಾಡಿದವನಿಗೆ ಮೂರನೇ ನಿಮಿಷದಲ್ಲಿ ಹತ್ತಲು ಮೆಟ್ಟಿಲು ಉಳಿದಿರುವುದಿಲ್ಲ.

ಈಗ ನಮ್ಮಿಬ್ಬರಿಗೆ ಸೇರಿ ಒಂದು ರಾತ್ರಿಗೆ ಎಂಟು ಸಾವಿರದ ಆಸುಪಾಸು ಸಿಗುತ್ತದೆ, ಅರ್ಧ ಮುಂಗಡ, ಹೋಗಿಬರುವ ವೆಚ್ಚ ಬೇರೆ. ಬಾಯಿ ಬಿಡದವನಿಗೆ ದುಡ್ಡಿಲ್ಲ ಎಂದಿದ್ದ ಕಮಿಟಿಯವರು ಈ ವರ್ಷ ಫೋನ್ ಮಾಡಿ ಮೊದಲು ಕೇಳಿದ್ದು ಕಾಕಾ ಬರುತ್ತಾರೆಯೇ ಎಂದು. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ‘ಜಾಸ್’ನಂತೆ ಇಬ್ಬರು ಕೇಳುವವರನ್ನು ಕೂರಿಸಬೇಕೆಂದಿದ್ದೇನೆ. ಒಬ್ಬ ಹುಡುಗನನ್ನು ಕಾಕಾ ತಾಲೀಮಿಗೆ ಹಚ್ಚಿದ್ದಾರೆ. ಹುಡುಗ ಚೆನ್ನಾಗಿ ಸುಮ್ಮನಿರುತ್ತಾನೆ. ಆದರೆ ಅವನೂ ಸಮಪಾಲು ಕೇಳುತ್ತಿದ್ದಾನೆ, ಕಾಕಾ ಅದಕ್ಕೆ ತಲೆಯಾಡಿಸುತ್ತಿದ್ದಾರೆ.