ಗುಡ್ಡದ ಮೇಲಿನ ಡ್ಯಾಮಲ್ಲಿ ಹಕ್ಕಿ ನೋಡೋಕೆ ಹೊರಟ್ರೆ

ಚಳಿ ಶುರುವಾಗೋ ಹೊತ್ತಲ್ಲಿ ಗುಡ್ಡದ ಮೇಲಿನ ಡ್ಯಾಮ್‌ಗೆ ಹೋಗೋರು ಒಂದು ತಿಳ್ಕೊಳ್ಳಿ, ಅಲ್ಲಿ ನೀರು ಆಳ, ಮೇವು ಕಮ್ಮಿ, ಕೆಳಗಿನ ಕೆರೆ ಥರ ಹಿಂಡು ಹಿಂಡು ಸಿಗಲ್ಲ. ಬಿಸಿಲು ಬೆನ್ನಿಗೆ ಬೀಳೋ ದಡ ಹಿಡೀರಿ, ಇಲ್ಲಾಂದ್ರೆ ಎಲ್ಲಾ ಬಾತೂ ಕಪ್ಪು ಚುಕ್ಕೆನೇ. ಗಾಳಿ ಜೋರಿದ್ರೆ ಗುಡ್ಡದ ಮರೆ ಇರೋ ಮೂಲೆ ನೋಡಿ, ಹಕ್ಕಿಗಳೂ ಅಲ್ಲೇ ಸೇರ್ಕೊಂಡಿರ್ತವೆ.

8 ಇಂಟು 42 (ಎಂಟು ಪಟ್ಟು ಹತ್ರ ತೋರಿಸೋ, 42 ಮಿ.ಮೀ. ಅಗಲದ ಮುಂದಿನ ಲೆನ್ಸಿನ) ಬೈನಾಕ್ಯುಲರ್ ಇದ್ರೆ ಶುರು ಮಾಡೋಕೆ ಸಾಕು. ಟಫ್ಟೆಡ್ ಡಕ್ ಥರದ ಮುಳುಗೋ ಬಾತುಗಳನ್ನ ಎಣಿಸೋದೇ ತಲೆನೋವು, ನೀವು ಐದು ಅನ್ನೋಷ್ಟರಲ್ಲಿ ಎರಡು ಮಾಯ, ಆಮೇಲೆ ಇನ್ನೆಲ್ಲೋ ಬುಳಕ್ ಅಂತ ಏಳ್ತವೆ, ಅದಕ್ಕೆ ಮೂರ್ನಾಲ್ಕು ಸಲ ಎಣಿಸಿ ಜಾಸ್ತಿ ಬಂದಿದ್ದನ್ನ ಬರ್ಕೊಳ್ಳಿ.

ಬೇಗ ಕತ್ತಲಾಗುತ್ತೆ, ಟಾರ್ಚ್ ಇರ್ಲಿ. ಕೊನೇ ಅರ್ಧ ಗಂಟೆ ಮಾತ್ರ ಬಿಡ್ಬೇಡಿ, ಎಷ್ಟೋ ಕಡೆ ಗಲ್‌ಗಳು, ಅಂದ್ರೆ ಕಡಲಕ್ಕಿಗಳು, ರಾತ್ರಿ ತಂಗೋಕೆ ನೀರಿಗೇ ಇಳಿಯೋದು ಆಗ್ಲೇ.