ಹಡಗಿಗೆ ಆರು ನಿಮಿಷ, ಉಳಿದದ್ದೆಲ್ಲ ಹವಳದ ಗೋಡೆಗೆ

ಬಾಲಿಯ ವಾಯವ್ಯಕ್ಕಿರುವ ಮೆನ್‌ಜಂಗನ್ ದ್ವೀಪದ ಸುತ್ತ ಹವಳದ ಗೋಡೆಗಳು ನೆಟ್ಟಗೆ ಆಳಕ್ಕಿಳಿದಿವೆ. ಪಶ್ಚಿಮ ತುದಿಯಲ್ಲಿ ಸುಮಾರು 6 ಮೀಟರ್ ಆಳದಲ್ಲಿ ಹಳೆಯ ಲಂಗರೊಂದಿದೆ. ಅಲ್ಲಿಂದ ಇಳಿಜಾರು ಹಿಡಿದು ಹೋದರೆ ಸುಮಾರು 35ರಿಂದ 45 ಮೀಟರ್ ಆಳದಲ್ಲಿ ‘ಆಂಕರ್ ರೆಕ್’ ಎಂಬ ಮುಳುಗಿದ ಪುಟ್ಟ ಮರದ ಹಡಗು. ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದವರ ಮಿತಿ 18 ಮೀಟರ್, ಹಾಗಾಗಿ ಅವರಿಗಿದು ಬೇಡ. ಡೀಪ್ ಡೈವರ್ ತರಬೇತಿ ಆದವರಿಗೂ 40 ಮೀಟರೇ ಕೊನೆ. ಹಡಗಿನ ಆಚೆ ತುದಿ ಕಣ್ಣಿಗೆ ಬಿದ್ದರೂ ಅತ್ತ ಇಳಿಯಬಾರದು.

ಮೊದಲು ಗಾಳಿಯ ಲೆಕ್ಕ. ದೋಣಿಯಲ್ಲಿ ಕೂತೇ ಮುಗಿಸಿ. 40 ಮೀಟರಿನಲ್ಲಿ ಒತ್ತಡ ಮೇಲಿನದರ ಐದು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 100 ಲೀಟರ್ ಬೇಕು. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಅದು ನಿಮಿಷಕ್ಕೆ 9 ಬಾರ್ (ಗೇಜ್ ತೋರಿಸುವ ಒತ್ತಡದ ಅಳತೆ). ಜೊತೆಗಾರರ ಗಾಳಿ ಕೈಕೊಟ್ಟು, ಗಾಬರಿಯಲ್ಲಿ ಇಬ್ಬರೂ ನಿಮಿಷಕ್ಕೆ 30 ಲೀಟರ್ ಎಳೆಯುತ್ತಾ ಒಂದೇ ಸಿಲಿಂಡರಿನಲ್ಲಿ ಮೇಲೆ ಬರಬೇಕಾದರೆ ಸುಮಾರು 1,380 ಲೀಟರ್, ಅಂದರೆ 125 ಬಾರ್ ಬೇಕು. 200 ಬಾರ್ ಇಟ್ಟುಕೊಂಡು ಇಳಿದವರು 125ಕ್ಕೆ ತಿರುಗಲೇಬೇಕು. 50 ಬಾರ್‌ಗೆ ಇಳಿಯುವವರೆಗೆ ಕಾಯುವ ರೂಢಿ ಇಲ್ಲಿ ನಡೆಯದು.

ಸ್ಕೂಬಾ ತರಬೇತಿ ಸಂಸ್ಥೆ ಪ್ಯಾಡಿಯ ಸಮಯಮಿತಿಯ ಕೋಷ್ಟಕವೂ 40 ಮೀಟರಿಗೆ ಕೊಡುವುದು 9 ನಿಮಿಷ, ಇಳಿಯುವ ಸಮಯವೂ ಸೇರಿ. ಇಳಿಯಲು ಮೂರು ಹೋದರೆ ಹಡಗಿನ ಬಳಿ ಉಳಿಯುವುದು ಆರೇ ನಿಮಿಷ. ಸಮಯ ಹೆಚ್ಚು ಸಿಗಲೆಂದು 32ರ ನೈಟ್ರಾಕ್ಸ್ (ಶೇ 32 ಆಮ್ಲಜನಕವಿರುವ ಗಾಳಿ) ತುಂಬಿಸಬೇಡಿ. ಆಮ್ಲಜನಕದ ಒತ್ತಡ 1.4 ಬಾರ್ ಮೀರಬಾರದೆಂಬ ಮಿತಿಯಲ್ಲಿ ಅದು 33 ಮೀಟರಿನವರೆಗೆ ಮಾತ್ರ. ಅದರಾಚೆ ಆಮ್ಲಜನಕವೇ ವಿಷವಾಗಿ ಫಿಟ್ಸ್ ಬರಬಹುದು.

ಹಾಗಾಗಿ ಲಂಗರಿನಿಂದ ನೇರ ಹಡಗಿಗೆ, ಗೋಡೆ ಆಮೇಲೆ. ಇಳಿಯುವಾಗ ವೆಟ್‌ಸೂಟ್ ಒತ್ತಡಕ್ಕೆ ತೆಳ್ಳಗಾಗಿ ಮೈ ಭಾರವಾಗುತ್ತದೆ. ಬಿಸಿಡಿಗೆ (ತೇಲಲು ಗಾಳಿ ತುಂಬುವ ಜಾಕೆಟ್) ಚೂರು ಚೂರೇ ಗಾಳಿ ತುಂಬಿ, ಇಲ್ಲದಿದ್ದರೆ ಕಾಲು ತಳಕ್ಕೆ ತಾಗಿ ಹೂಳೆಲ್ಲ ಮೇಲೆದ್ದು ಹಡಗೇ ಕಾಣದು. ತಲೆ ಮಂಕಾದರೆ, ಗೇಜ್ ನೋಡಿದ ಅಂಕಿ ಮರುಕ್ಷಣ ಮರೆತುಹೋದರೆ, ಅದು ನೈಟ್ರೋಜನ್ ಅಮಲು. ಐದಾರು ಮೀಟರ್ ಮೇಲೇರಿದರೆ ಇಳಿಯುತ್ತದೆ. ಹಡಗಿನ ಪಿಂಗಾಣಿ ಚೂರು, ಬಾಟಲಿಗಳನ್ನು ಮುಟ್ಟಬೇಡಿ. ಇದು ರಾಷ್ಟ್ರೀಯ ಉದ್ಯಾನ.

ತಿರುಗಿದ ಮೇಲೆ ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, ಬಿಸಿಡಿಯಲ್ಲಿ ಹಿಗ್ಗುವ ಗಾಳಿಯನ್ನು ಹೊರಬಿಡುತ್ತಾ ಬನ್ನಿ. ಗೋಡೆಯಿಂದ ಒಂದೆರಡು ಮೀಟರ್ ದೂರವಿರಲಿ. ಕಾಲ ಕೆಳಗೆ ನೆಲ ಕಾಣದ ಕಡೆ ಆಳ ಜಾರಿದ್ದು ಗೊತ್ತೇ ಆಗುವುದಿಲ್ಲ, ಆಳ ತೋರಿಸುವ ಡೈವ್ ಕಂಪ್ಯೂಟರ್ ಮೇಲೆ ಕಣ್ಣಿಡಿ. ಕಂದು ಬಣ್ಣಕ್ಕೆ ಕಾಣುವ ಬೀಸಣಿಗೆ ಹವಳಕ್ಕೆ ಟಾರ್ಚ್ ಹಿಡಿದು ನೋಡಿ: ಕುಂಕುಮದಂಥ ಕೆಂಪು! ನೀರು ಆ ಬಣ್ಣವನ್ನೇ ಮೊದಲು ನುಂಗುತ್ತದೆ.

5 ಮೀಟರಿನಲ್ಲಿ 3 ನಿಮಿಷ ನಿಂತು, ಕೊನೆಯ ಐದು ಮೀಟರಿಗೆ ಪೂರಾ ಒಂದು ನಿಮಿಷ ತೆಗೆದುಕೊಳ್ಳಿ. ದಿನಕ್ಕೆರಡು ಡೈವ್ ಮಾಡಿದ್ದರೆ ವಿಮಾನ ಹತ್ತಲು 18 ಗಂಟೆಯಾದರೂ ಕಾಯಬೇಕು.