ಬೀದಿ ದೀಪ ಇಲ್ಲದ ದಾರಿ, ಚಳಿಗಾಲ, ಸೈಕಲ್

ಚಳಿಗಾಲದಲ್ಲಿ ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಕತ್ತಲಾಗಿರುತ್ತದೆ. ನನ್ನ ದಾರಿಯಲ್ಲಿ ಬೀದಿ ದೀಪವೂ ಇಲ್ಲ. ಹೀಗೆ ಓಡಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ಲುಮೆನ್ಸ್ (ಲೈಟ್ ಕೊಡುವ ಬೆಳಕಿನ ಅಳತೆ) ಲೈಟ್ ಅಂತ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ, ಆ ಬೆಳಕು ಎಲ್ಲಿ ಬೀಳುತ್ತದೆ ಅನ್ನೋದು.

ಜೋರು ಲೈಟನ್ನು ನೇರ ಮುಂದಕ್ಕೆ ಇಟ್ಟರೆ ಎದುರಿನ ಡ್ರೈವರ್ ಕಣ್ಣಿಗೆ ಹೊಡೆಯುತ್ತದೆ, ಅವನಿಗೆ ನಾವೂ ಕಾಣಲ್ಲ, ರಸ್ತೆಯ ಅಂಚೂ ಕಾಣಲ್ಲ. ಅದಕ್ಕೇ ಗೋಡೆ ಎದುರು ಸೈಕಲ್ ನಿಲ್ಲಿಸಿ, ಬೆಳಕಿನ ನಡುಭಾಗ ಲೈಟಿನ ಎತ್ತರಕ್ಕಿಂತ ಕೆಳಗೆ ಬೀಳುವಂತೆ ಬಗ್ಗಿಸಿ ಸ್ಕ್ರೂ ಬಿಗಿ ಮಾಡುತ್ತೇನೆ. ಗುಂಡಿಯಲ್ಲಿ ಕುಲುಕಿ ಅದು ಮತ್ತೆ ಜಾರುತ್ತದೆ, ಆಗಾಗ ನೋಡಿಕೊಳ್ಳಬೇಕು.

ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಗುಂಡಿ ಕಂಡು ಬೆರಳು ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಲೈಟ್ ತೋರಿಸುವಷ್ಟು ದೂರದೊಳಗೆ ನಿಲ್ಲಿಸಲು ಆಗದಿದ್ದರೆ ವೇಗ ಜಾಸ್ತಿ ಅಂತಲೇ ನನ್ನ ಲೆಕ್ಕ. ನೀರು ನಿಂತ ಜಾಗದ ಮೇಲೆ ಹೋಗುವುದೇ ಇಲ್ಲ, ಅಡಿಯಲ್ಲಿ ಏನಿದೆಯೋ.

ಹಿಂದೆ ಎರಡು ಕೆಂಪು ಲೈಟ್. ಒಂದು ಮಿನುಗುತ್ತದೆ, ಇನ್ನೊಂದು ಒಂದೇ ಸಮನೆ ಉರಿಯುತ್ತದೆ. ಮಿನುಗುವುದು ಬೇಗ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಅದೊಂದನ್ನೇ ನೋಡಿ ಸೈಕಲ್ ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡುವುದು ಕಷ್ಟ. ಒಂದು ಕೈಕೊಟ್ಟರೆ ಇನ್ನೊಂದಾದರೂ ಇರುತ್ತದಲ್ವಾ. ಜೊತೆಗೆ ಎರಡೂ ಕಾಲಿನ ಗಿಣ್ಣಿನ ಹತ್ತಿರ ರಿಫ್ಲೆಕ್ಟರ್ ಪಟ್ಟಿ. ಪೆಡಲ್ ಜೊತೆ ಅದು ಮೇಲೆ ಕೆಳಗೆ ಆಡುವುದರಿಂದ ದೂರದಿಂದಲೇ ಯಾರೋ ಸೈಕಲ್ ತುಳಿಯುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಹಗಲಲ್ಲಿ ಹೊಳೆಯುವ ಹಳದಿ ಜಾಕೆಟ್‌ಗೆ ಬಿಸಿಲಿನ ನೇರಳಾತೀತ ಕಿರಣ ಬೇಕು. ಅದಿಲ್ಲದ ರಾತ್ರಿಯಲ್ಲಿ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಪಟ್ಟಿ ಇದ್ದರಷ್ಟೇ ಅದರಿಂದ ಉಪಯೋಗ. ಕೆಸರು ಮೆತ್ತಿದರೆ ಪಟ್ಟಿಯೂ ಹೊಳೆಯಲ್ಲ, ಒರೆಸಿಕೊಳ್ಳಿ.

ಎದುರಿನಿಂದ ಹೈಬೀಮ್ ಬಂದರೆ ಅದನ್ನು ದಿಟ್ಟಿಸಬೇಡಿ. ನಾನು ನಿಧಾನ ಮಾಡಿ ನನ್ನ ಬದಿಯ ಅಂಚಿನ ಕಡೆ ನೋಡುತ್ತೇನೆ, ಒಂದು ಕಣ್ಣು ಮುಚ್ಚಿಕೊಂಡಿರುತ್ತೇನೆ. ಗಾಡಿ ದಾಟಿದ ಮೇಲೆ ಆ ಕಣ್ಣು ತೆರೆದರೆ ಅದಕ್ಕೆ ಕತ್ತಲೆ ಹೊಸದಲ್ಲ. ಏನೂ ಕಾಣದಿದ್ದರೆ ಸುಮ್ನೆ ಇಳಿದು ಪಕ್ಕಕ್ಕೆ ನಿಲ್ಲುವುದೇ ವಾಸಿ.

ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಇಳಿಯುತ್ತದೆ. ಡಬ್ಬಿ ಮೇಲೆ ಬರೆದಿರುವ ಗಂಟೆಗಳನ್ನು ನಂಬದೆ, ಚಿಕ್ಕದೊಂದು ಲೈಟನ್ನು ಒಳಗಿನ ಜೇಬಲ್ಲಿ ಮೈ ಬಿಸಿಗೆ ಇಟ್ಟುಕೊಂಡಿರುತ್ತೇನೆ. ಹಿಮ ಕಟ್ಟುವ ಕಡೆ ಸೇತುವೆಗಳ ಮೇಲೆ ಜಾಸ್ತಿ ಎಚ್ಚರ ಬೇಕು. ಅಡಿಯಲ್ಲೂ ಗಾಳಿಯಾಡುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲೇ ಮಂಜುಗಡ್ಡೆ ಕೂರುತ್ತದೆ. ಬ್ರೇಕ್ ಹಾಕುವುದೇನಿದ್ದರೂ ಸೇತುವೆಗೆ ಮೊದಲೇ ಮುಗಿಸಿ, ಮೇಲೆ ಹೋದಾಗ ಹ್ಯಾಂಡಲ್ ನೇರ ಹಿಡಿದು ನಿಧಾನಕ್ಕೆ ಉರುಳಲು ಬಿಡುತ್ತೇನೆ.